ಹೊಡೆಯುವ ಕೈ, ಹಿಡಿಯುವ ಕೈ

ಬೆಂಗಳೂರಿನ ಕಾಟನ್‌ಪೇಟೆಯನ್ನು ಹಳಬರು ಅರಳೇಪೇಟೆ ಎನ್ನುತ್ತಿದ್ದರು. ಹತ್ತಿಯ ವ್ಯಾಪಾರದಿಂದ ಬಂದ ಹೆಸರು ಅದು. ನಾವು ಹುಟ್ಟಿ ಬೆಳೆದದ್ದು ಇಲ್ಲಿನ ಒಂದು ಇಕ್ಕಟ್ಟಾದ ಗಲ್ಲಿಯಲ್ಲಿ, ಹಝ್ರತ್ ತವಕ್ಕಲ್ ಮಸ್ತಾನ್ ದರ್ಗಾದಿಂದ ಕೂಗಳತೆಯಲ್ಲಿ. ನಾವು ಎಂದರೆ ಇಬ್ಬರು ಅಣ್ಣತಮ್ಮಂದಿರು. ವಯಸ್ಸಿನಲ್ಲಿ ಒಂದೂವರೆ ವರ್ಷದ ಅಂತರ. ಒಂದೇ ಶಾಲೆಗೆ ಹೋದೆವು, ಒಂದೇ ಸೈಕಲ್ ತುಳಿದೆವು, ಒಂದೇ ತಪ್ಪನ್ನು ಇಬ್ಬರೂ ಸೇರಿ ಮಾಡಿದೆವು. ಆದ್ದರಿಂದ ಈ ಬರಹದಲ್ಲಿ 'ನಾವು' ಎಂದಿರುವುದೆಲ್ಲ ಇಬ್ಬರ ಪರವಾಗಿ.

ಆ ತಪ್ಪು ಏನೆಂದರೆ, ನಮ್ಮ ದಾದಾ ಆಡುತ್ತಿದ್ದ ಕುಸ್ತಿಯನ್ನು ನಾವು ಹತ್ತು ವರ್ಷ ಕಾಲ ತುಚ್ಛವಾಗಿ ಕಂಡೆವು. ಅದು ವಿದ್ಯೆಯೇ ಅಲ್ಲ, ಮಣ್ಣಿನಲ್ಲಿ ಹೊರಳಾಡುವ ಕೆಲಸ ಎಂದುಕೊಂಡಿದ್ದೆವು. ಆ ಅಭಿಪ್ರಾಯವನ್ನು ಬದಲಾಯಿಸಿಕೊಳ್ಳುವ ಹೊತ್ತಿಗೆ ದಾದಾ ಹಾಸಿಗೆ ಹಿಡಿದಿದ್ದರು. ಅವರ ಮುಂದೆ ತಪ್ಪೊಪ್ಪಿಕೊಂಡೆವು ನಿಜ, ಆದರೆ ಅವರಿಂದ ಕಲಿಯುವ ಕಾಲ ಮುಗಿದುಹೋಗಿತ್ತು.

ದಾದಾ ಮಿಲ್ಲಿನಲ್ಲಿ ಮಗ್ಗದ ಕೆಲಸಕ್ಕಿದ್ದವರು. ಪಾಳಿ ಮುಗಿಸಿ ಬಂದು, ಒಂದು ಲೋಟ ಚಹಾ ಕುಡಿದು, ನೇರ ಗರಡಿ ಮನೆಗೆ ಹೋಗುತ್ತಿದ್ದರು. ಬೆಳಗಿನ ಪಾಳಿ ಇಲ್ಲದಿದ್ದರೆ ಫಜ್ರ್ ನಮಾಝ್ ಮುಗಿಸಿ ಅಲ್ಲಿಗೇ. ಆ ಗರಡಿ ಮನೆ ನಮ್ಮ ಗಲ್ಲಿಯಿಂದ ಮೂರು ತಿರುವು ದಾಟಿದರೆ ಸಿಗುತ್ತಿತ್ತು. ಬಾಗಿಲು ಎಷ್ಟು ತಗ್ಗಾಗಿತ್ತೆಂದರೆ ಎಂಥ ಪೈಲ್ವಾನನೂ ತಲೆ ಬಗ್ಗಿಸದೆ ಒಳಗೆ ಹೋಗುವಂತಿರಲಿಲ್ಲ. ಒಳಗೆ ಮಬ್ಬು ಬೆಳಕು. ಗೋಡೆಗೆ ಒರಗಿಸಿಟ್ಟ ಗದೆಗಳು, ಕಲ್ಲುಗುಂಡುಗಳು. ನಡುವೆ ಆಳವಾದ ಗುಂಡಿ, ಅದರ ತುಂಬ ಕೆಂಪು ಮಣ್ಣು. ಅದನ್ನು ಮಟ್ಟಿ ಎನ್ನುತ್ತಾರೆ. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ ಸೇರಿಸಿ ಹದ ಮಾಡಿದ ಮಣ್ಣು ಅದು. ದಿನವೂ ಸನಿಕೆಯಲ್ಲಿ ಅಗೆದು ಸಡಿಲ ಮಾಡಬೇಕು. ಇಲ್ಲದಿದ್ದರೆ ನೆಲ ಗಟ್ಟಿಯಾಗಿ ಬಿದ್ದವನ ಮೂಳೆ ಮುರಿಯುತ್ತದೆ.

ಗರಡಿಯ ಗೋಡೆಯಲ್ಲಿ ಹನುಮಂತನ ಪಟವಿತ್ತು. ಉಳಿದವರು ಅದಕ್ಕೆ ಕೈಮುಗಿದು ಮಟ್ಟಿಗೆ ಇಳಿಯುತ್ತಿದ್ದರು. ದಾದಾ 'ಬಿಸ್ಮಿಲ್ಲಾ' ಎಂದು ಬಲಗಾಲು ಇಡುತ್ತಿದ್ದರು. ಎಲ್ಲರೂ ಲಂಗೋಟಿ ಕಟ್ಟಿದರೆ ದಾದಾ ಮಾತ್ರ ಮಂಡಿ ಮುಚ್ಚುವ ಚಲ್ಲಣ ತೊಡುತ್ತಿದ್ದರು. ಉಸ್ತಾದರು ಅದನ್ನು ಒಂದು ದಿನವೂ ಪ್ರಶ್ನಿಸಲಿಲ್ಲವಂತೆ. ದಾದಾರ ಜೋಡಿ, ಅಂದರೆ ಅವರೊಡನೆ ದಿನವೂ ಕುಸ್ತಿ ಹಿಡಿಯುತ್ತಿದ್ದವರು, ತಿಗಳರ ಮನೆಯವರು. ಅವರನ್ನು ನಾವು ಪೈಲ್ವಾನ್ ತಾತ ಎನ್ನುತ್ತಿದ್ದೆವು. ಇಬ್ಬರೂ ಮುದುಕರಾದ ಮೇಲೂ ಸಂಜೆ ಹೊತ್ತು ದರ್ಗಾದ ಎದುರಿನ ಜಗಲಿಯಲ್ಲಿ ಕೂತು ಯಾವತ್ತೋ ಹಾಕಿದ ಪಟ್ಟುಗಳ ಬಗ್ಗೆ ವಾದ ಮಾಡುತ್ತಿದ್ದರು.

ದಾದಿಗೆ ಮಾತ್ರ ಗರಡಿ ಎಂದರೆ ಕೋಪ. ಬಂದ ಸಂಬಳದ ಅರ್ಧ ಬಾದಾಮಿಗೆ, ಹಾಲಿಗೆ, ತುಪ್ಪಕ್ಕೆ ಹೋಗುತ್ತಿತ್ತು ಎಂಬುದು ಅವರ ದೂರು. 'ನಿಮ್ಮ ದಾದಾರ ತೋಳಿನಲ್ಲಿರುವುದು ಮಾಂಸವಲ್ಲ, ನನ್ನ ಬಳೆ' ಎಂದು ಕೊನೆಯವರೆಗೂ ಹೇಳುತ್ತಿದ್ದರು.

ನಮಗೆ ಬುದ್ಧಿ ಬರುವ ಹೊತ್ತಿಗೆ ಪೈಲ್ವಾನ್ ಎಂಬ ಮಾತಿಗೆ ಬೇರೆ ವಾಸನೆ ಅಂಟಿಕೊಂಡಿತ್ತು. 1970 ಮತ್ತು 80ರ ದಶಕದ ಬೆಂಗಳೂರಿನಲ್ಲಿ ಗರಡಿಯ ಮೈಕಟ್ಟು ಇದ್ದ ಕೆಲವರು ಚುನಾವಣೆಯವರ, ಬಡ್ಡಿಯವರ, ಜಾಗ ಖಾಲಿ ಮಾಡಿಸುವವರ ಕೈಯಾಳುಗಳಾದರು. ಬೀದಿಯಲ್ಲಿ ಯಾರನ್ನಾದರೂ ಪೈಲ್ವಾನ್ ಎಂದರೆ ಅವನು ರೌಡಿಯೋ ಎಂದು ಜನ ಮುಖ ನೋಡುವ ಕಾಲ. ಅಬ್ಬಾ ನಮ್ಮನ್ನು ಗರಡಿಯ ಕಡೆ ಕಳಿಸಲಿಲ್ಲ. ತಮ್ಮ ತಂದೆಯ ಮೇಲೆ ಗೌರವವಿದ್ದರೂ ಮಕ್ಕಳು ಓದಿ ಮುಂದೆ ಬರಬೇಕು ಎಂಬುದು ಅವರ ಆಸೆ. ಆ ಭಯ ಪೂರ್ತಿ ತಪ್ಪಾಗಿತ್ತು ಎಂದು ಈಗಲೂ ಹೇಳಲಾರೆವು.

ಅಷ್ಟರಲ್ಲಿ ಕರಾಟೆ ಬಂತು. ಕಾಟನ್‌ಪೇಟೆಯಿಂದ ಮೆಜೆಸ್ಟಿಕ್‌ಗೆ ನಡೆದೇ ಹೋಗಬಹುದು. ಅಲ್ಲಿನ ಟಾಕೀಸುಗಳಲ್ಲಿ ಬ್ರೂಸ್ ಲೀಯ ಚಿತ್ರಗಳು ಮತ್ತೆ ಮತ್ತೆ ಬರುತ್ತಿದ್ದವು. 'ಎಂಟರ್ ದಿ ಡ್ರ್ಯಾಗನ್' ತೆರೆಕಂಡದ್ದು 1973ರಲ್ಲಿ. ಅದು ಬಿಡುಗಡೆಯಾಗುವ ಮೊದಲೇ, ಅದೇ ವರ್ಷದ ಜುಲೈನಲ್ಲಿ ಬ್ರೂಸ್ ಲೀ ತೀರಿಕೊಂಡಿದ್ದ. ಹತ್ತು ವರ್ಷದ ನಂತರವೂ ನಮ್ಮ ಪೇಟೆಯ ಕ್ಷೌರದಂಗಡಿಗಳಲ್ಲಿ ಅವನ ಪಟವಿರುತ್ತಿತ್ತು. ಅವನದು ಚೀನಾದ ಕುಂಗ್ ಫು, ಕರಾಟೆ ಜಪಾನಿನದು ಎಂಬ ವ್ಯತ್ಯಾಸ ನಮಗೆ ಗೊತ್ತಿರಲಿಲ್ಲ. ಸಣಕಲು ಮೈಯವನೊಬ್ಬ ಹತ್ತು ಜನರನ್ನು ಹೊಡೆದು ಉರುಳಿಸುತ್ತಾನೆ, ನಾವೂ ಸಣಕಲು, ನಮಗೆ ಅಷ್ಟು ಸಾಕಾಗಿತ್ತು.

1984ರಲ್ಲಿ ಚಾಮರಾಜಪೇಟೆಯ ಒಂದು ಮೈದಾನದಲ್ಲಿ ನಡೆಯುತ್ತಿದ್ದ ಕರಾಟೆ ತರಗತಿಗೆ ಸೇರಿದೆವು. ಆಗ ನಮ್ಮಲ್ಲಿ ದೊಡ್ಡವನಿಗೆ 13. ಬಿಳಿ ಸಮವಸ್ತ್ರ, ಸೊಂಟಕ್ಕೆ ಪಟ್ಟಿ, ಜಪಾನೀ ಭಾಷೆಯಲ್ಲಿ ಎಣಿಕೆ. ಸಾಲಾಗಿ ನಿಂತು ಗಾಳಿಗೆ ಗುದ್ದುವುದು, ಗಾಳಿಗೆ ಒದೆಯುವುದು. ಅದನ್ನೇ ಕ್ರಮವಾಗಿ ಜೋಡಿಸಿದರೆ ಕಟಾ. ಎದುರಾಳಿಯೊಡನೆ ಆಡುವುದು ಕುಮಿಟೆ. ಅದರಲ್ಲೂ ಗುದ್ದು ಮೈಗೆ ತಾಗುವ ಮೊದಲೇ ನಿಲ್ಲಿಸಬೇಕು. ತಾಗಿದರೆ ತಪ್ಪು. ಕೆಲವು ತಿಂಗಳಿಗೊಮ್ಮೆ ಪರೀಕ್ಷೆ, ಅದಕ್ಕೊಂದು ಶುಲ್ಕ, ಪಾಸಾದರೆ ಪಟ್ಟಿಯ ಬಣ್ಣ ಬದಲು. ಹಳದಿಯಾಯಿತು, ಕಿತ್ತಳೆಯಾಯಿತು, ಹಸಿರಾಯಿತು. ನಾವು ಗಲ್ಲಿಯಲ್ಲಿ ನಡೆಯುವ ರೀತಿಯೇ ಬದಲಾಯಿತು.

ಮನೆಯ ಮುಂದೆ ನಾವು ಅಭ್ಯಾಸ ಮಾಡುವಾಗ ದಾದಾ ಜಗಲಿಯಲ್ಲಿ ಕೂತು ನೋಡುತ್ತಿದ್ದರು. 'ಹವಾಕು ಕೈಕು ಮಾರ್ತೇ ರೇ?' ಎಂದು ನಗುತ್ತಿದ್ದರು. ಗಾಳಿಗೆ ಯಾಕ್ರೋ ಹೊಡೀತೀರಿ, ಅದು ನಿಮಗೇನು ಮಾಡಿತು ಎಂದು. ಒಂದು ದಿನ ನಮ್ಮಲ್ಲಿ ದೊಡ್ಡವನಿಗೆ ರೇಗಿತು. 'ನಿಮ್ಮ ಕುಸ್ತಿಯಲ್ಲಿ ಹತ್ತಿರ ಬಂದರಲ್ಲವೇ ದಾದಾ ಹಿಡಿಯುವುದು? ಹತ್ತಿರ ಬರುವ ಮೊದಲೇ ಒದ್ದರೆ?' ಎಂದ. ದಾದಾ ಎದ್ದು ಲುಂಗಿ ಮೇಲಕ್ಕೆ ಕಟ್ಟಿದರು. ಆಗ ಅವರಿಗೆ 60 ದಾಟಿತ್ತು. 'ಒದಿ' ಎಂದರು.

ಅವನು ಒದ್ದ. ಏನಾಯಿತೆಂದು ನಮಗೆ ಸರಿಯಾಗಿ ಕಾಣಲೇ ಇಲ್ಲ. ದಾದಾ ಹಿಂದೆ ಸರಿಯಲಿಲ್ಲ, ಮುಂದೆ ಬಂದರು. ಕಾಲು ಅವರ ಕಂಕುಳಲ್ಲಿತ್ತು, ಅವರ ಇನ್ನೊಂದು ಕಾಲು ಇವನ ಹಿಮ್ಮಡಿಯ ಹಿಂದೆ ಇತ್ತು, ಇವನು ಅಂಗಾತ ನೆಲದಲ್ಲಿದ್ದ. ಕಲ್ಲು ಹಾಸಿನ ನೆಲ. ತಲೆ ಬಡಿಯಬೇಕಾಗಿತ್ತು, ಬಡಿಯಲಿಲ್ಲ. ದಾದಾರ ಅಂಗೈ ಅವನ ತಲೆಯ ಕೆಳಗಿತ್ತು. ಅವರ ಬೆರಳಿನ ಗೆಣ್ಣುಗಳು ಮಾತ್ರ ತರಚಿದ್ದವು.

ಅಂದೇ ನಮ್ಮ ಮನಸ್ಸು ಬದಲಾಯಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು. ನಾವು ಒಳಗೆ ಹೋಗಿ ಅದಕ್ಕೆ ಕಾರಣಗಳನ್ನು ಹುಡುಕಿದೆವು. ದಾದಾ ಎಂದು ಮೆಲ್ಲಗೆ ಒದ್ದದ್ದು, ನಿಜವಾಗಿ ಒದ್ದಿದ್ದರೆ ಬೇರೆಯಾಗುತ್ತಿತ್ತು, ಅವರು ಲುಂಗಿ ಕಟ್ಟುವಾಗ ನಮ್ಮ ಗಮನ ತಪ್ಪಿತು, ಹೀಗೆಲ್ಲ. ಒಂದು ನಂಬಿಕೆಗೆ ಹಣ, ಬೆವರು, ಬಣ್ಣದ ಪಟ್ಟಿ ಎಲ್ಲ ಸುರಿದ ಮೇಲೆ ಅದನ್ನು ಒಂದು ಬೀಳಿನಲ್ಲಿ ಬಿಡುವುದು ಸುಲಭವಲ್ಲ. ನಾವು ತಂದ ಕಾರಣಗಳನ್ನು ಈಗ ನೆನೆದರೆ ನಗು ಬರುತ್ತದೆ. ಆದರೆ ದೊಡ್ಡವರೂ ದೊಡ್ಡ ವಿಷಯಗಳಲ್ಲಿ ಹೀಗೆಯೇ ಮಾಡುತ್ತಾರಲ್ಲವೇ?

ಹತ್ತು ವರ್ಷ ಕಳೆಯಿತು. ನಮ್ಮ ಪಟ್ಟಿ ಕಂದು ಬಣ್ಣಕ್ಕೆ ಬಂದಿತ್ತು. 1994ರ ಅಕ್ಟೋಬರ್ ತಿಂಗಳು. ಬೆಂಗಳೂರು ದೂರದರ್ಶನದಲ್ಲಿ 10 ನಿಮಿಷದ ಉರ್ದು ವಾರ್ತೆ ಶುರುವಾದದ್ದನ್ನು ವಿರೋಧಿಸಿ ಎದ್ದ ಗದ್ದಲ ಗಲಭೆಯಾಗಿ ತಿರುಗಿತು. ಜೀವಗಳು ಹೋದವು, ಅಂಗಡಿಗಳು ಸುಟ್ಟವು, ಕರ್ಫ್ಯೂ ಬಂತು. ಆ ದಿನಗಳಲ್ಲಿ ನಗರದಲ್ಲಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ, ಎರಡನ್ನೂ ಒಂದೇ ನಾಲಗೆಯಲ್ಲಿ ಆಡಿಕೊಂಡು ಬೆಳೆದ ನಮಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದಂತಾಗಿತ್ತು.

ಕರ್ಫ್ಯೂ ಸಡಿಲವಾದ ಒಂದು ಸಂಜೆ ಜನ ಹಾಲು, ಹಿಟ್ಟು ಎಂದು ಹೊರಬಂದಿದ್ದರು. ನಮ್ಮ ಗಲ್ಲಿಯ ಬಾಯಿಯಲ್ಲಿ ಒಬ್ಬ ಹುಡುಗ ಕಾಣಿಸಿದ. ಹದಿನೇಳೋ ಹದಿನೆಂಟೋ ಇರಬೇಕು. ಕೈಯಲ್ಲಿ ದೊಣ್ಣೆ. ಏನೋ ಕೂಗುತ್ತ, ಮುಚ್ಚಿದ್ದ ಗೂಡಂಗಡಿಯೊಂದನ್ನು ಬಡಿಯುತ್ತಿದ್ದ. ಅವನು ಯಾವ ಕಡೆಯವನು ಎಂದು ಇಲ್ಲಿ ಬರೆಯುವುದಿಲ್ಲ. ಅಂದು ಎಲ್ಲರೂ ಕೇಳುತ್ತಿದ್ದದ್ದು ಆ ಪ್ರಶ್ನೆಯನ್ನೇ. ಎರಡೂ ಕಡೆಯಿಂದ ಜನ ಸೇರತೊಡಗಿದರು. ಹಾಲಿನ ಪಾತ್ರೆ ಕೆಳಗಿಟ್ಟು ನಾವು ಮುಂದೆ ಓಡಿದೆವು. ಕಾಲು ತಾನಾಗಿ ನಿಲುವಿಗೆ ಬಂತು, ಮುಷ್ಟಿ ಬಿಗಿಯಿತು. ಎಲ್ಲಿ ಹೊಡೆಯಬೇಕು ಎಂದು ಗೊತ್ತಿತ್ತು. ಗಂಟಲು, ಮೂಗಿನ ಬುಡ, ಮಂಡಿಯ ಪಕ್ಕ. ಹತ್ತು ವರ್ಷ ಗಾಳಿಯಲ್ಲಿ ಕಲಿತದ್ದು ಅದನ್ನೇ.

ನಾವು ಹೊಡೆಯುವ ಮೊದಲು ಅವನ ಹಿಂದಿನಿಂದ ಎರಡು ಕೈ ಬಂದವು. ಪೈಲ್ವಾನ್ ತಾತನ ಮಗ. ಆಗ ಗರಡಿ ನಡೆಸುತ್ತಿದ್ದವರು ಅವರೇ, ನಮಗೆಲ್ಲ ಪೈಲ್ವಾನ್ ಅಣ್ಣ. ಹುಡುಗನ ಕಂಕುಳ ಕೆಳಗೆ ಕೈ ತೂರಿಸಿ, ಎದೆಗೆ ಅಪ್ಪಿ, ಮೇಲಕ್ಕೆತ್ತಿ, ಹಾಗೆಯೇ ರಸ್ತೆಯಲ್ಲಿ ಕುಳಿತುಬಿಟ್ಟರು. ದೊಣ್ಣೆ ಬಿತ್ತು. ಹುಡುಗ ಒದ್ದಾಡಿದ, ಕಚ್ಚಿದ, ತಲೆಯಿಂದ ಅವರ ಬಾಯಿಗೆ ಗುದ್ದಿದ. ಅವರು ಬಿಡಲಿಲ್ಲ, ಬಿಗಿಯನ್ನು ಹೆಚ್ಚಿಸಲೂ ಇಲ್ಲ. ಎಷ್ಟು ಬೇಕೋ ಅಷ್ಟೇ. ಸುತ್ತ ನಿಂತಿದ್ದ ಜನಕ್ಕೆ ಏನು ಮಾಡಬೇಕೆಂದು ತೋಚಲಿಲ್ಲ. ಹೊಡೆದಾಟ ನಡೆಯುತ್ತಿದ್ದರೆ ಸೇರಿಕೊಳ್ಳಬಹುದು. ಒಬ್ಬ ಇನ್ನೊಬ್ಬನನ್ನು ಅಪ್ಪಿ ಕುಳಿತಿದ್ದರೆ ಏನಂತ ಸೇರಿಕೊಳ್ಳುವುದು? ಹತ್ತು ನಿಮಿಷವಾಗಿರಬೇಕು. ಹುಡುಗನ ಉಸಿರು ಇಳಿಯಿತು, ಆಮೇಲೆ ಅಳು ಬಂತು. ಎರಡು ದಿನದಿಂದ ಮನೆಗೆ ಬಾರದ ಅಣ್ಣನನ್ನು ಹುಡುಕಿಕೊಂಡು ಬಂದವನಂತೆ. ಪೈಲ್ವಾನ್ ಅಣ್ಣ ಅವನನ್ನು ತಾವೇ ಮನೆ ತಲುಪಿಸಿ ಬಂದರು.

ರಾತ್ರಿ ಅವರ ಒಡೆದ ತುಟಿಗೆ ಅರಿಸಿನ ಹಚ್ಚುವಾಗ ಕೇಳಿದೆವು. ಅವರು ಹೇಳಿದ್ದು ಇಷ್ಟೆ: 'ಹೊಡೆದ್ರೆ ನಾಳೆ ಹತ್ತು ಜನರನ್ನ ಕರ್ಕೊಂಡು ಬರ್ತಾನೆ ಕಣ್ರಪ್ಪಾ. ಹಿಡ್ಕೊಂಡ್ರೆ ಸುಸ್ತಾಗ್ತಾನೆ, ಅಷ್ಟೆ.'

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ನಮ್ಮ ಗುದ್ದು ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಇಬ್ಬರೂ ಯೋಚಿಸುತ್ತಿದ್ದೆವು. ಒಂದು ಹಲ್ಲು ಮುರಿಯುತ್ತಿತ್ತು. ರಕ್ತ ಕಾಣುತ್ತಿತ್ತು. ಅಷ್ಟು ಜನರ ನಡುವೆ ಅಷ್ಟು ರಕ್ತ ಸಾಕಾಗಿತ್ತು. ನಮ್ಮ ವಿದ್ಯೆಯಲ್ಲಿ ಎರಡೇ ದಾರಿ ಇದ್ದವು, ಹೊಡೆ ಇಲ್ಲವೇ ಬಿಡು. ಒಬ್ಬನನ್ನು ನೋಯಿಸದೆ ನಿಲ್ಲಿಸುವ ಮೂರನೆಯ ದಾರಿ ನಮಗೆ ಯಾರೂ ಕಲಿಸಿರಲಿಲ್ಲ. ಕಲಿಸಬಲ್ಲವರು ಹತ್ತು ವರ್ಷ ನಮ್ಮ ಜಗಲಿಯಲ್ಲೇ ಕೂತಿದ್ದರು. ಆಗಷ್ಟೇ ದಾದಾರ ಅಂಗೈ ನೆನಪಾಯಿತು.

ಪ್ರವಾದಿವರ್ಯರು(ಸ) ರುಕಾನಾ ಎಂಬ ಮಕ್ಕಾದ ಜಟ್ಟಿಯೊಡನೆ ಕುಸ್ತಿ ಹಿಡಿದ ಪ್ರಸ್ತಾಪ ಅಬೂದಾವೂದ್, ತಿರ್ಮಿದಿ ಹದೀಸ್ ಸಂಗ್ರಹಗಳಲ್ಲಿದೆ. ನಿಜವಾದ ಬಲಶಾಲಿ ಕುಸ್ತಿಯಲ್ಲಿ ಪರರನ್ನು ಕೆಡವುವವನಲ್ಲ, ಸಿಟ್ಟು ಬಂದಾಗ ತನ್ನನ್ನು ಅಂಕೆಯಲ್ಲಿಟ್ಟುಕೊಳ್ಳುವವನು ಎಂಬ ಅರ್ಥದ ಅವರ ಮಾತು ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಮದ್ರಸಾದಲ್ಲಿ ಇವನ್ನು ಕೇಳಿದ್ದೆವು. ಎರಡನೆಯದು ಕುಸ್ತಿಯನ್ನು ಕೀಳು ಮಾಡುವ ಮಾತು ಎಂದು ನಮ್ಮ ಅನುಕೂಲಕ್ಕೆ ತಿಳಿದುಕೊಂಡಿದ್ದೆವು. ಅಂದಿನ ಸಂಜೆಯ ನಂತರ ಅದು ಬೇರೆ ರೀತಿ ಕೇಳಿಸಿತು. ದಿನವೂ ಕುಸ್ತಿ ಹಿಡಿಯುವವನೇ ಸಿಟ್ಟನ್ನೂ ಹಿಡಿಯಲು ಕಲಿಯಬೇಕಾಗುತ್ತದೆ. ಸಿಟ್ಟು ಬಂದವನು ಮಟ್ಟಿಯಲ್ಲಿ ಬೇಗ ಚಿತ್ ಆಗುತ್ತಾನೆ.

ಮುಂದಿನ ವರ್ಷ ನಾವು ಗರಡಿಯ ತಗ್ಗು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋದೆವು. ಕುಸ್ತಿ ಶುರು ಮಾಡುವ ವಯಸ್ಸು ದಾಟಿತ್ತು. ಮೊದಲ ತಿಂಗಳು ಮಟ್ಟಿ ಅಗೆಯುವುದು, ದಂಡ, ಬಸ್ಕಿ, ಇಷ್ಟೇ. ಆಮೇಲೆ ಪೈಲ್ವಾನ್ ಅಣ್ಣ 16 ವರ್ಷದ ಒಬ್ಬ ಹುಡುಗನನ್ನು ಜೋಡಿ ಕೊಟ್ಟರು. ಒಂದು ನಿಮಿಷದಲ್ಲಿ ನಮ್ಮ ಉಸಿರು ನಿಂತಿತು. ಹತ್ತು ವರ್ಷದ ಕರಾಟೆಯಲ್ಲಿ ಒಬ್ಬ ಮನುಷ್ಯನ ಪೂರ್ತಿ ಬಲ ನಮ್ಮ ಮೇಲೆ ಬಿದ್ದದ್ದು ಒಮ್ಮೆಯೂ ಇಲ್ಲ ಎಂಬುದು ಆಗ ಗೊತ್ತಾಯಿತು.

ಕುಸ್ತಿಯ ಗುಟ್ಟು ಇಲ್ಲಿದೆ ಎಂದು ನಮಗೆ ತೋರುತ್ತದೆ. ಗುದ್ದನ್ನು ಪೂರ್ತಿ ಬಲದಿಂದ ಅಭ್ಯಾಸ ಮಾಡಿದರೆ ಜೊತೆಗಾರ ಆಸ್ಪತ್ರೆಗೆ ಹೋಗುತ್ತಾನೆ. ಆದ್ದರಿಂದ ಗಾಳಿಗೆ ಹೊಡೆಯಬೇಕು, ಇಲ್ಲವೇ ತಾಗುವ ಮೊದಲೇ ನಿಲ್ಲಿಸಬೇಕು. ಕುಸ್ತಿಯಲ್ಲಿ ಮಣ್ಣು ಮೆತ್ತಗಿದೆ, ಹೊಡೆತವಿಲ್ಲ. ಆದ್ದರಿಂದ ದಿನವೂ ಪೂರ್ತಿ ಬಲ ಹಾಕಿ ಆಡಿ, ಮರುದಿನ ಮತ್ತೆ ಬರಬಹುದು. ಎದುರಿನವನು ಒಪ್ಪದಿರುವಾಗ, ತಡೆಯುತ್ತಿರುವಾಗ, ತಿರುಗಿ ಬೀಳುತ್ತಿರುವಾಗ ಏನು ಮಾಡಬೇಕೆಂದು ಮೈ ಕಲಿಯುತ್ತದೆ. ಜಪಾನಿನ ಜಿಗೊರೊ ಕಾನೊ 1882ರಲ್ಲಿ ಜೂಡೊ ಕಟ್ಟಿದಾಗ ಮಾಡಿದ್ದೂ ಇದನ್ನೇ. ಹಳೆಯ ಜುಜುತ್ಸುವಿನ ಅಪಾಯಕಾರಿ ವರಸೆಗಳನ್ನು ಬದಿಗಿಟ್ಟು, ಉಳಿದವನ್ನು ಪೂರ್ತಿ ಬಲದಲ್ಲಿ ಬಿಡುವಾಗಿ ಆಡುವ ಅಭ್ಯಾಸ ತಂದರು. ನಮ್ಮ ಗರಡಿಯವರು ಕಾನೊ ಹೆಸರು ಕೇಳಿದವರಲ್ಲ. ಆದರೆ ಮಲ್ಲವಿದ್ಯೆ ಈ ನೆಲದಲ್ಲಿ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ, ಅಂದರೆ 12ನೇ ಶತಮಾನದಲ್ಲೇ, ಮಲ್ಲರ ವಿಂಗಡಣೆ, ಊಟ, ಸಾಮು ಎಲ್ಲದರ ವಿವರವಿದೆ.

ಇನ್ನೊಂದು ಮಾತು. ಕರಾಟೆ ತರಗತಿಯಲ್ಲೂ ಎಲ್ಲ ಜಾತಿಧರ್ಮದ ಮಕ್ಕಳಿದ್ದರು. ಆದರೆ ತೋಳಳತೆಯ ದೂರದಲ್ಲಿ ನಿಂತು, ತಲೆಬಾಗಿ ವಂದಿಸಿ, ತಾಗದೆ ಆಡಿ ಬರುತ್ತಿದ್ದೆವು. ಗರಡಿಯಲ್ಲಿ ಆ ದೂರವಿಲ್ಲ. ಮಾರುಕಟ್ಟೆಯ ಹಮಾಲಿ, ಹೂವು ಬೆಳೆಯುವ ತಿಗಳರ ಹುಡುಗ, ಕ್ಷೌರದಂಗಡಿಯವನು, ಊದುಬತ್ತಿ ಹೊಸೆಯುವ ಮನೆಯವನು, ಎಲ್ಲರ ಬೆವರೂ ಎಲ್ಲರಿಗೂ ಅಂಟುತ್ತಿತ್ತು. ಒಬ್ಬನ ಕಿವಿ ಇನ್ನೊಬ್ಬನ ಎದೆಗೆ ಒತ್ತಿರುತ್ತಿತ್ತು, ಎದೆಬಡಿತ ಕೇಳಿಸುತ್ತಿತ್ತು. ಹಾಗೆ ಮೈ ತಾಗಿಸಿ ಬೆಳೆದವನ ಬಗ್ಗೆ ಯಾರಾದರೂ ಬಂದು ಇಲ್ಲದ್ದು ಹೇಳಿದರೆ ನಂಬುವುದು ಕಷ್ಟ. ದಾದಾ ಮತ್ತು ಪೈಲ್ವಾನ್ ತಾತನ ಜಗಲಿಯ ಸ್ನೇಹದ ಬುಡ ಅಲ್ಲಿತ್ತು. 1947ರ ಗಲಭೆಯಲ್ಲಿ ಲಾಹೋರಿನ ಗಾಮಾ ಪೈಲ್ವಾನ್ ತನ್ನ ಮೊಹಲ್ಲಾದ ಹಿಂದೂಗಳಿಗೆ ಕಾವಲು ನಿಂತರೆಂಬ ಮಾತು ಪ್ರಚಲಿತವಿದೆ. 1910ರ ಲಂಡನ್ನಿನಲ್ಲಿ ಝ್ಬಿಸ್ಕೋನನ್ನು ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ನೆಲಕ್ಕೆ ಒತ್ತಿ ಹಿಡಿದ ಗಾಮಾ ಅವರೇ. ದಾದಾ ಆ ಲಂಡನ್ ಕುಸ್ತಿಯನ್ನು ಕಣ್ಣಾರೆ ಕಂಡವರಂತೆ ವರ್ಣಿಸುತ್ತಿದ್ದರು. ಲಾಹೋರಿನ ಕಥೆ ಹೇಳುವಾಗ ಮಾತ್ರ ದನಿ ತಗ್ಗಿಸುತ್ತಿದ್ದರು.

ನಾವು ಗರಡಿಗೆ ಹೋಗುತ್ತೇವೆ ಎಂದು ತಿಳಿದಾಗ ದಾದಾ ಹಾಸಿಗೆಯಲ್ಲಿದ್ದರು. ಪಕ್ಕದಲ್ಲಿ ಕೂತು, 'ದಾದಾ, ಅವತ್ತು ನಾವು ಮೆಲ್ಲಗೆ ಒದ್ದಿರಲಿಲ್ಲ, ಜೋರಾಗಿಯೇ ಒದ್ದಿದ್ದೆವು' ಎಂದೆವು. 'ಗೊತ್ತು' ಎಂದರು. ಎದೆಗೆ ಒಂದು ವಾರ ಎಣ್ಣೆ ಹಚ್ಚಿಕೊಂಡಿದ್ದರಂತೆ. ನಮಗೆ ಹೇಳಬೇಡವೆಂದು ದಾದಿಗೆ ತಾಕೀತು ಮಾಡಿದ್ದರಂತೆ. ಎರಡು ವರ್ಷದ ನಂತರ ತೀರಿಕೊಂಡರು. ಮಯ್ಯಿತ್‌ಗೆ ಹೆಗಲು ಕೊಟ್ಟವರಲ್ಲಿ ಗರಡಿಯವರು ಬಹಳ ಜನ ಇದ್ದರು.

ಅಮೆರಿಕದ ಡೆನ್ವರ್‌ನಲ್ಲಿ 1993ರ ನವೆಂಬರ್‌ನಲ್ಲಿ ನಡೆದ ಮೊದಲ ಯುಎಫ್‌ಸಿ ಪಂದ್ಯಗಳ ವಿಡಿಯೋ ಕ್ಯಾಸೆಟ್ ನಮ್ಮ ಕೈಗೆ ಸಿಕ್ಕಿದ್ದು ಆಮೇಲೆ. ಬಾಕ್ಸಿಂಗ್‌ನವರು, ಕರಾಟೆಯವರು, ಸೂಮೋದವರು ಎಲ್ಲರೂ ಇದ್ದ ಆ ಕಣದಲ್ಲಿ ಗೆದ್ದದ್ದು ರಾಯ್ಸ್ ಗ್ರೇಸಿ ಎಂಬ ಬ್ರೆಜಿಲ್‌ನ ಸಾಮಾನ್ಯ ಮೈಕಟ್ಟಿನ ಹುಡುಗ. ಬಾಕ್ಸರ್ ಒಬ್ಬ ಒಂದೇ ಕೈಗೆ ಗ್ಲೌಸ್ ಹಾಕಿ ಬಂದಿದ್ದ. ಗ್ರೇಸಿ ಅವನನ್ನು ಹಿಡಿದು ಕೆಡವಿದ, ಮೇಲೆ ಕುಳಿತ, ಅಷ್ಟರಲ್ಲೇ ಅವನು ಸೋಲೊಪ್ಪಿಕೊಂಡ. ಗ್ರೇಸಿ ಮನೆತನಕ್ಕೆ ಆ ವಿದ್ಯೆ ಬಂದದ್ದು ಕಾನೊ ಅವರ ಶಾಲೆಯಲ್ಲಿ ಕಲಿತು ಬ್ರೆಜಿಲ್‌ಗೆ ಹೋದ ಮಿತ್ಸುಯೊ ಮಾಯೆದಾ ಅವರಿಂದ. ಗುದ್ದಿಗೆ ದೂರ ಬೇಕು, ದೂರವನ್ನು ನುಂಗಿದವನ ಮುಂದೆ ಗುದ್ದು ಸೊರಗುತ್ತದೆ ಎಂದು ಲೋಕವೆಲ್ಲ ಅಂದು ಕಂಡಿತು. ಅದೇ ದಾದಾರ ಜಗಲಿಯ ಪಾಠ.

ಆಗ ನಮಗೆ ಹೊಸ ಹುಚ್ಚು ಹಿಡಿಯಿತು. ಕರಾಟೆ ಎಂದರೆ ಮೋಸ ಎಂದು ಹೇಳಿಕೊಂಡು ತಿರುಗಿದೆವು. ಮೊದಲು ಕುಸ್ತಿಗೆ ಮಾಡಿದ್ದ ಅನ್ಯಾಯವನ್ನೇ ಈಗ ಕರಾಟೆಗೆ ಮಾಡಿದೆವು. ಆ ಮಾತೂ ನಿಲ್ಲಲಿಲ್ಲ. 2009ರಲ್ಲಿ ಅದೇ ಯುಎಫ್‌ಸಿಯಲ್ಲಿ ಲಿಯೊಟೊ ಮಚಿಡಾ ಎಂಬಾತ ಚಾಂಪಿಯನ್ ಆದ. ಚಿಕ್ಕಂದಿನಿಂದ ತಂದೆಯ ಬಳಿ ಶೋಟೊಕಾನ್ ಕರಾಟೆ ಕಲಿತವನು ಆತ. ಒಕಿನಾವಾದ ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೋಗೆ ತಂದು ತೋರಿಸಿದ ಆ ವಿದ್ಯೆಯಲ್ಲೂ ಮೊದಲು ಕೈ ಎತ್ತಬಾರದೆಂಬ ನೇಮವಿದೆ. ನಮ್ಮ ಕೊರತೆ ನಾವು ಕಲಿತ ಬಗೆಯದು, ಕರಾಟೆಯದಲ್ಲ.

ಇದಕ್ಕಿಂತ ದೊಡ್ಡ ಪಾಠ ಮನೆಯೊಳಗೇ ಇತ್ತು. ನಮ್ಮಲ್ಲಿ ಚಿಕ್ಕವನ ಮಗಳು ಹತ್ತು ವರ್ಷದವಳಾದಾಗ ಏನಾದರೂ ಕಲಿಯಬೇಕೆಂದಳು. ನಾವು ಉತ್ಸಾಹದಿಂದ ಗರಡಿಯ ಬಗ್ಗೆ ಹೇಳಿದೆವು. 'ಅಲ್ಲಿ ಹುಡುಗಿಯರನ್ನು ಬಿಡ್ತಾರಾ?' ಎಂದು ಕೇಳಿದಳು. ನಾವು ಸುಮ್ಮನಾದೆವು. ನಮಗೆ ಅದುವರೆಗೆ ಆ ಪ್ರಶ್ನೆ ಬಂದೇ ಇರಲಿಲ್ಲ. ಎಲ್ಲರ ಬೆವರು ಎಲ್ಲರಿಗೂ ಅಂಟುತ್ತಿತ್ತು ಎಂದು ಮೇಲೆ ಬರೆದೆವಲ್ಲ, ಆ 'ಎಲ್ಲರಲ್ಲಿ' ಹೆಣ್ಣುಮಕ್ಕಳಿರಲಿಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾಕ್ಷಿ ಮಲಿಕ್ ಕುಸ್ತಿಯ ಕಂಚು ತಂದದ್ದನ್ನು ಟಿವಿಯಲ್ಲಿ ನೋಡಿ ಚಪ್ಪಾಳೆ ತಟ್ಟಿದ ಪೇಟೆ ನಮ್ಮದು. ಆದರೆ ನಮ್ಮ ಗರಡಿಯ ತಗ್ಗು ಬಾಗಿಲು ಹುಡುಗಿಯರಿಗೆ ತೆರೆಯಲಿಲ್ಲ. ನಾವು ಹೀಯಾಳಿಸಿದ್ದ ಕರಾಟೆ ಮೈದಾನದಲ್ಲಿ 1984ರಲ್ಲೇ ಜಡೆ ಕಟ್ಟಿದ ಹುಡುಗಿಯರು ಸಾಲಿನಲ್ಲಿ ನಿಂತಿದ್ದರು. ಮಗಳು ಕರಾಟೆಗೆ ಸೇರಿದಳು. ಮೈ ಮುಚ್ಚುವ ಬಿಳಿ ಸಮವಸ್ತ್ರದ ಬಗ್ಗೆ ಮನೆಯಲ್ಲಿ ಯಾರೂ ತಕರಾರು ಮಾಡಲಿಲ್ಲ. ನಾವು ಫೀಸು ಕಟ್ಟಿ ಬಂದೆವು.

ನಮ್ಮ ಗರಡಿ ಈಗಿಲ್ಲ. ಮಿಲ್ಲುಗಳ ಕೆಲಸ ಹೋದಂತೆ ಬಾದಾಮಿಗೆ ಹಣ ಹೊಂದಿಸುವವರೂ ಕಡಿಮೆಯಾದರು. ಜಾಗ ಗೋದಾಮಾಯಿತು. ಪೇಟೆಯಲ್ಲಿ ಕೆಲವು ಗರಡಿಗಳು ಉಳಿದಿವೆ. ಚೈತ್ರ ಮಾಸದಲ್ಲಿ ಅವುಗಳಿಗೆ ಜೀವ ಬರುತ್ತದೆ. ಬೆಂಗಳೂರು ಕರಗಕ್ಕೆ ಖಡ್ಗ ಹಿಡಿದು ಕಾವಲಾಗುವ ವೀರಕುಮಾರರಿಗೂ ಗರಡಿಗೂ ಹಳೆಯ ನಂಟು. ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಟ ಕರಗ ಹುಣ್ಣಿಮೆಯ ರಾತ್ರಿ ನಮ್ಮ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬಂದು ಹೋಗುವುದು ತಲೆಮಾರುಗಳ ಪದ್ಧತಿ.

2022ರಲ್ಲಿ ಕರಗ ದರ್ಗಾಕ್ಕೆ ಹೋಗಬಾರದು ಎಂದು ಕೆಲವರು ಒತ್ತಾಯ ಮಾಡಿದರು. ನಮಗೆ 1994ರ ಸಂಜೆ ನೆನಪಾಗಿ ಎದೆ ಹಿಡಿದಂತಾಯಿತು. ದರ್ಗಾದವರು ದೇವಸ್ಥಾನಕ್ಕೆ ಹೋಗಿ ಎಂದಿನಂತೆ ಬರಬೇಕೆಂದು ಕರೆದು ಬಂದರು. ದೇವಸ್ಥಾನದವರು ಪದ್ಧತಿ ಬಿಡುವುದಿಲ್ಲ ಎಂದರು. ಏಪ್ರಿಲ್ 16ರ ರಾತ್ರಿ ಹೊರಟ ಕರಗ ದರ್ಗಾಕ್ಕೆ ಬಂತು. ರಂಝಾನ್ ತಿಂಗಳು, ಸಹರಿಗೆ ಎದ್ದವರು ಬೀದಿಯಲ್ಲಿದ್ದರು. 'ಗೋವಿಂದಾ ಗೋವಿಂದಾ' ಎನ್ನುತ್ತ ಬಂದ ವೀರಕುಮಾರರಲ್ಲಿ ಪೈಲ್ವಾನ್ ಅಣ್ಣನ ಮಗನಿದ್ದ. ನಮ್ಮನ್ನು ಕಂಡು ಖಡ್ಗವನ್ನು ಎಡಗೈಗೆ ಬದಲಿಸಿ, ಬಲಗೈಯಲ್ಲಿ ನಮ್ಮ ಮಣಿಕಟ್ಟು ಹಿಡಿದ. ಗರಡಿಯವರು ಹಿಡಿಯುವ ಹಾಗೆ. ಕ್ಷಣ ಹೊತ್ತು ಹಿಡಿದಿದ್ದು ಮುಂದೆ ಹೋದ.

ಕಳೆದ ರಜೆಯಲ್ಲಿ ಮಗಳು ಮನೆಯ ಹಜಾರದಲ್ಲಿ ಕಟಾ ಅಭ್ಯಾಸ ಮಾಡುತ್ತಿದ್ದಳು. ನಮ್ಮಲ್ಲಿ ದೊಡ್ಡವನು, ಈಗ ಮಂಡಿನೋವಿನ ಮನುಷ್ಯ, ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. ಬಾಯಿ ಸುಮ್ಮನಿರಲಿಲ್ಲ. 'ಗಾಳಿಗೆ ಯಾಕಮ್ಮಾ ಹೊಡೀತೀಯಾ?' ಎಂದ. ಅವಳಿಗೆ ರೇಗಿತು. 'ಎದ್ದು ಬನ್ನಿ ಬಡೇ ಅಬ್ಬಾ' ಎಂದಳು. ಅವನು ಎದ್ದ. ಅವಳ ಒದೆತ ನಮ್ಮ ಕಾಲದ್ದಕ್ಕಿಂತ ಎಷ್ಟೋ ಚುರುಕು. ಎರಡು ಸಲ ಅವನ ಪಕ್ಕೆಗೆ ಬಿತ್ತು. ಮೂರನೆಯದನ್ನು ಕಂಕುಳಲ್ಲಿ ಹಿಡಿದು, ಮಂಡಿ ನೋವಿಗೆ ಮುಖ ಕಿವುಚುತ್ತ, ಅವಳನ್ನು ನೆಲಕ್ಕೆ ಇಳಿಸಿದ. ಅಂಗೈ ಅವಳ ತಲೆಯ ಕೆಳಗಿತ್ತು.

ಅವಳು ಎದ್ದು ಕೂತು, 'ನಾನು ಮೆಲ್ಲಗೆ ಒದ್ದದ್ದು' ಎಂದಳು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವನ ಪಕ್ಕೆಗೆ ಎಣ್ಣೆ ಹಚ್ಚುವ ವಿಷಯ ಅವಳಿಗೆ ಹೇಳಲಿಲ್ಲ.